ಪದವಿಚಾರ: ‘ಸನ್ನಿ’

“ಏನೋ, ಸನ್ನಿ ಹಿಡಿದವನ ಹಾಗೆ ಆಡ್ತೀಯ?” ಈ ಬೈಗುಳ ನಮಗಾರಿಗೂ ಹೊಸದಲ್ಲ. ಇದರ ಬೇರು ಇರುವುದು ಆಯುರ್ವೇದದಲ್ಲಿ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ ಬರುವ ಜ್ವರಕ್ಕೆ ಸನ್ನಿಪಾತವೆಂದು ಹೆಸರು. ಆಡುಮಾತಿನಲ್ಲಿ ಅದು ‘ಸನ್ನಿ’. ಜ್ವರ ತಲೆಗೇರಿ ಬಡಬಡಿಸುವ ರೋಗಿಯಿಂದ ಅರ್ಥ ಹಿಗ್ಗಿ, ಹತೋಟಿ ತಪ್ಪಿದ ಆವೇಶಕ್ಕೂ ಈ ಮಾತು ಸಲ್ಲತೊಡಗಿತು.

ಇದರ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ಉತ್ಸಾಹವನ್ನು ನಾವು ತೋರಿಸುತ್ತೇವೆ. ಸನ್ನಿ ನಮ್ಮನ್ನು ಹಿಡಿಯುತ್ತದೆ. “ಅವನಿಗೆ ಸನ್ನಿ ಹಿಡಿದಿದೆ” ಎಂಬಲ್ಲಿ ಕರ್ತೃ ಸನ್ನಿಯೇ ಹೊರತು ಅವನಲ್ಲ.

ಪತ್ರಿಕೆಗಳ ‘ಸಮೂಹ ಸನ್ನಿ’ ಹುಟ್ಟಿದ್ದು ಇದರಿಂದಲೇ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡೀತಾನೆ ಅಂತ ಊರೂರಲ್ಲಿ ಜನ ಗುಡಿಗಳ ಮುಂದೆ ಸಾಲುಗಟ್ಟಿದರಲ್ಲ, ಅದಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಗುಂಪೊಂದು ಅಮಾಯಕನನ್ನು ಬಡಿದು ಕೊಂದಾಗಲೂ ಅದನ್ನೇ ಬರೆಯುವುದಕ್ಕೆ ನನ್ನ ತಕರಾರಿದೆ. ಜ್ವರಕ್ಕೆ ಶಿಕ್ಷೆ ಕೊಡೋರು ಯಾರು? ಅಂಥ ಕಡೆ ವಾಕ್ಯಕ್ಕೆ ಮನುಷ್ಯನೇ ಕರ್ತೃವಾಗಬೇಕು. ‘ಸನ್ನಿ ಹಿಡಿಯಿತು’ ಅನ್ನದೆ, ‘ಕೊಂದರು’ ಎಂದೇ ಬರೆಯೋಣ.