ಕಣ್ಣಂಚಿನ ಬಿಳಿ ಕಾಳು



ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಅಸೂಟಿಯ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಆರನೆಯ ತರಗತಿಯಲ್ಲಿ ಭೂತಗನ್ನಡಿಯ ಪಾಠ ನಡೆದಿತ್ತು. ಎಲ್ಲರೂ ತಮ್ಮ ತಮ್ಮ ಕೈಯ ಚರ್ಮವನ್ನು ನೋಡಿ ಬೆರಗಾಗುತ್ತಿದ್ದರು. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಒಂದು ಕೈಯಿಂದ ಕೆನ್ನೆ ಮುಚ್ಚಿಕೊಂಡು ಒಬ್ಬಳೇ ಕುಳಿತಿದ್ದಳು.

“ಯಾಕವ್ವಾ, ಹಲ್ಲುನೋವೇ?” ಎಂದೆ.

ಅವಳು ಮಾತಾಡಲಿಲ್ಲ. ಪಕ್ಕದ ಸಾಲಿನ ಹುಡುಗ ಹೇಳಿದ: “ಅಕಿ ಕಣ್ಣಿನ ಕೆಳಗ ಬಿಳೀ ಗುಳ್ಳಿ ಎದ್ದಾವ್ರೀ ಸರ್. ಮುಟ್ಟಿದ್ರ ನಮಗೂ ಬರ್ತಾವಂತ.” ಇನ್ನೊಬ್ಬ ಎದ್ದು ನಿಂತ: “ಜಾಲಿಮುಳ್ಳಿಲೆ ಚುಚ್ಚಿ ತಗದ್ರ ಹೋಗ್ತಾವ್ರೀ.” ಆಗ ಹುಡುಗಿ ಮೆಲ್ಲಗೆ, “ನಮ್ಮ ಆಯಿ ಸುಣ್ಣ ಹಚ್ಚೋಣು ಅಂದಾಳ್ರೀ” ಎಂದಳು.

ನೋಡಿದಿರಾ? ಒಂದೇ ಗುಳ್ಳೆಗೆ ಮೂರು ಮಾತು. ಮೂರೂ ತಪ್ಪು. ಅದರಲ್ಲಿ ಕೊನೆಯ ಎರಡು ಕಣ್ಣಿಗೇ ಅಪಾಯ ತರುವಂಥವು. ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಆ ಗುಳ್ಳೆಯನ್ನೇ ಪಾಠ ಮಾಡಿಕೊಂಡೆವು. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಬರಗಿನ ಕಾಳಿನ ಹೆಸರು

ಭೂತಗನ್ನಡಿಯಲ್ಲಿ ಆ ಗುಳ್ಳೆಗಳು ಹೇಗೆ ಕಂಡವು? ಒಂದೊಂದೂ ಒಂದೆರಡು ಮಿಲಿಮೀಟರ್ ಅಗಲ. ದುಂಡಗೆ, ಗಟ್ಟಿಯಾಗಿ, ಮುತ್ತಿನಂತೆ ಬೆಳ್ಳಗೆ. ಸುತ್ತ ಕೆಂಪಿಲ್ಲ. ನೋವಿಲ್ಲ, ತುರಿಕೆಯಿಲ್ಲ.

ವೈದ್ಯರು ಇವನ್ನು ‘ಮಿಲಿಯಾ’ ಎನ್ನುತ್ತಾರೆ. ಒಂದೇ ಇದ್ದರೆ ‘ಮಿಲಿಯಮ್’. ಇದು ಲ್ಯಾಟಿನ್ ಭಾಷೆಯ ಪದ. ಕಿರುಧಾನ್ಯದ ಕಾಳು ಎಂದು ಅರ್ಥ. ನಮ್ಮ ಬರಗು ನಿಮಗೆ ಗೊತ್ತಲ್ಲ? ಅದರ ವೈಜ್ಞಾನಿಕ ಹೆಸರು ಪ್ಯಾನಿಕಮ್ ಮಿಲಿಯೇಸಿಯಮ್. ಆ ಹೆಸರಿನಲ್ಲಿರುವುದೂ ಇದೇ ಪದ! ಚರ್ಮದ ಕೆಳಗೆ ಬರಗಿನ ಕಾಳು ಸಿಕ್ಕಿಕೊಂಡಂತೆ ಕಾಣುವುದರಿಂದ ಈ ಹೆಸರು ಬಂದಿತು.

ಒಳಗೆ ಏನಿದೆ?

ಕೀವು ಇದೆ ಎಂದು ನೀವು ಊಹಿಸಿದ್ದರೆ ಅದು ತಪ್ಪು. ಹಾಲೂ ಅಲ್ಲ, ಕೊಬ್ಬೂ ಅಲ್ಲ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನು. ನಿಮ್ಮ ಉಗುರು, ಕೂದಲು, ಎತ್ತಿನ ಕೊಂಬಿನ ಹೊರಕವಚ, ಅದರ ಗೊರಸು ಎಲ್ಲವೂ ಆಗಿರುವುದು ಕೆರಾಟಿನ್‌ನಿಂದಲೇ.

ಅದು ಕಣ್ಣಿನ ಕೆಳಗೆ ಹೇಗೆ ಬಂತು? ನಮ್ಮ ಹೊರಚರ್ಮದ ತಳದಲ್ಲಿ ಪ್ರತಿದಿನ ಹೊಸ ಜೀವಕೋಶಗಳು ಹುಟ್ಟುತ್ತವೆ. ಅವು ಹಳೆಯ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ. ಮೇಲೇರುತ್ತ ಏರುತ್ತ ಕೋಶಗಳಲ್ಲಿ ಕೆರಾಟಿನ್ ತುಂಬಿಕೊಳ್ಳುತ್ತದೆ. ಕೊನೆಗೆ ಅವು ಸತ್ತು ಉದುರುತ್ತವೆ. ತಳದಿಂದ ಮೇಲಕ್ಕೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸ್ನಾನ ಮಾಡುವಾಗ ಮೈ ಉಜ್ಜಿದರೆ ಸುರುಳಿ ಸುರುಳಿಯಾಗಿ ಬರುವುದರಲ್ಲಿ ಬರಿಯ ಮಣ್ಣಿರುವುದಿಲ್ಲ. ಇಂತಹ ಸತ್ತ ಕೋಶಗಳೂ ಬಹಳ ಇರುತ್ತವೆ.

ಕೆಲವೊಮ್ಮೆ ಈ ಸತ್ತ ಕೋಶಗಳು ಹೊರಗೆ ಉದುರದೆ, ಚರ್ಮದಡಿಯಲ್ಲಿ ಒಂದು ಪುಟ್ಟ ಚೀಲದಲ್ಲಿ ಸಿಕ್ಕಿಬೀಳುತ್ತವೆ. ಅದೇ ಮಿಲಿಯಮ್. ನವಿರು ಕೂದಲಿನ ಬುಡದಲ್ಲಿ ಹೀಗಾಗುವುದು ಹೆಚ್ಚು. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ಇವು ಸಾಮಾನ್ಯ. ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು; ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅದಕ್ಕೇ ಒಳಗಿನ ಬಿಳಿ ಕಾಳು ಎದ್ದು ಕಾಣುತ್ತದೆ. ಸುಟ್ಟ ಗಾಯ ಮಾಗಿದ ಜಾಗದಲ್ಲೂ ಮಿಲಿಯಾ ಏಳಬಹುದು.

ನಿಮಗೆ ಗೊತ್ತೇ?

ಆಗ ತಾನೇ ಹುಟ್ಟಿದ ಕೂಸುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೂಸುಗಳಿಗೆ ಮೂಗು, ಕೆನ್ನೆಯ ಮೇಲೆ ಮಿಲಿಯಾ ಇರುತ್ತವೆ. ಕೆಲವು ವಾರಗಳಲ್ಲಿ ತಾವೇ ಮಾಯವಾಗುತ್ತವೆ. ನಿಮ್ಮ ಮನೆಯ ತೊಟ್ಟಿಲಲ್ಲಿ ಕೂಸಿದ್ದರೆ ಹತ್ತಿರದಿಂದ ನೋಡಿ. ಮುಟ್ಟಬೇಡಿ!

ಮಿಲಿಯಾ ಅಂಟುವುದೇ?

ಇಲ್ಲ. ಅಂಟುರೋಗ ಬರಬೇಕಾದರೆ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರದಂತಹ ಯಾವುದಾದರೂ ಜೀವಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕು. ಮಿಲಿಯಮ್‌ನಲ್ಲಿ ಇರುವುದು ಸ್ವಂತ ಚರ್ಮದ ಸತ್ತ ಕೋಶಗಳು ಮಾತ್ರ. ದಾಟಲು ಅಲ್ಲಿ ಯಾರೂ ಇಲ್ಲ. ಆ ಹುಡುಗಿಯನ್ನು ದೂರ ಕೂರಿಸಿದ್ದಕ್ಕೆ ಕಾರಣವೇ ಇರಲಿಲ್ಲ.

ಆದರೆ ಕಣ್ಣಿನ ಸುತ್ತ ಏಳುವ ಎಲ್ಲ ಗುಳ್ಳೆಗಳೂ ಮಿಲಿಯಾ ಅಲ್ಲ. ಈ ವ್ಯತ್ಯಾಸ ತಿಳಿದಿರಲಿ:

1. ಕಣ್ಣುಕುಟಿಕೆ: ರೆಪ್ಪೆಗೂದಲಿನ ಬುಡದಲ್ಲಿ ಏಳುತ್ತದೆ. ಕೆಂಪು, ಊತ, ನೋವು ಇರುತ್ತದೆ. ಸಾಮಾನ್ಯವಾಗಿ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಸಲ ಕಾವು ಕೊಟ್ಟರೆ ಹಿತ. ಹಿಂಡಬಾರದು.

2. ಮೊಲಸ್ಕಮ್: ಇದೂ ಮುತ್ತಿನಂತಹ ಗುಳ್ಳೆ. ಆದರೆ ನಡುವೆ ಹೊಕ್ಕುಳಿನಂತೆ ಸಣ್ಣ ಕುಳಿ ಇರುತ್ತದೆ. ಇದು ವೈರಸ್‌ನಿಂದ ಬರುತ್ತದೆ. ಮುಟ್ಟಿದರೆ, ಒಂದೇ ಟವೆಲ್ ಬಳಸಿದರೆ ಅಂಟುತ್ತದೆ. ಇಲ್ಲಿಯೂ ಗೆಳೆಯರನ್ನು ದೂರ ಮಾಡಬೇಕಿಲ್ಲ. ಟವೆಲ್ ಬೇರೆ ಮಾಡಿ, ಕೈ ತೊಳೆದುಕೊಂಡರೆ ಸಾಕು.

3. ಹಳದಿ ಪಟ್ಟಿ: ದೊಡ್ಡವರಲ್ಲಿ ಮೂಗಿನ ಕಡೆಯ ರೆಪ್ಪೆಯ ಮೇಲೆ ಚಪ್ಪಟೆಯಾದ ಹಳದಿ ಮಚ್ಚೆಗಳು ಕಾಣಬಹುದು. ಇದು ಚರ್ಮದಡಿ ಸೇರಿದ ಕೊಲೆಸ್ಟೆರಾಲ್. ಅಂಥವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮುಳ್ಳು ಬೇಡ, ಪಿನ್ನು ಬೇಡ

ಒಂದು ಗುಟ್ಟು ಹೇಳಲೇ? ನನ್ನ ಎಡಗಣ್ಣಿನ ಕೆಳಗೆ ಒಂದು ಸಣ್ಣ ಕಲೆಯಿದೆ. ನಿಮ್ಮ ವಯಸ್ಸಿನಲ್ಲಿದ್ದಾಗ ಇಂಥದೇ ಗುಳ್ಳೆಯನ್ನು ನಾನು ಪಿನ್ನಿನಿಂದ ಚುಚ್ಚಿಕೊಂಡಿದ್ದೆ. ಕಾಳು ಬರಲಿಲ್ಲ, ಕೀವು ಬಂತು. ಕಣ್ಣು ಎರಡು ದಿನ ಮುಚ್ಚಿಹೋಗಿತ್ತು. ಮುಳ್ಳಿನ ತುದಿಯಲ್ಲಿ, ಪಿನ್ನಿನ ತುದಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಕೈ ಸ್ವಲ್ಪ ಜಾರಿದರೂ ಕಣ್ಣುಗುಡ್ಡೆಯೇ ಎದುರಿಗಿದೆ.

ಮಿಲಿಯಾಗೆ ನಾವು ಮಾಡಬೇಕಾದದ್ದು ಬಹಳ ಕಡಿಮೆ. ಮುಖವನ್ನು ನೀರಿನಿಂದ ತೊಳೆದುಕೊಳ್ಳುವುದು. ದಪ್ಪನೆಯ ಎಣ್ಣೆ, ಮುಲಾಮು ಮೆತ್ತದಿರುವುದು. ತಾಳ್ಮೆಯಿಂದ ಕಾಯುವುದು. ದೊಡ್ಡ ಮಕ್ಕಳಲ್ಲಿ ಇವು ಹೋಗಲು ಕೆಲವು ತಿಂಗಳುಗಳೇ ಬೇಕಾಗಬಹುದು. ಬಹಳ ದಿನ ಉಳಿದು ಬೇಸರ ತಂದರೆ ಚರ್ಮದ ವೈದ್ಯರು ಕ್ರಿಮಿಶುದ್ಧ ಸೂಜಿಯಿಂದ ಕ್ಷಣಮಾತ್ರದಲ್ಲಿ ಕಾಳನ್ನು ಹೊರತೆಗೆಯುತ್ತಾರೆ. ಗುಳ್ಳೆ ಕೆಂಪಾದರೆ, ನೋಯುತ್ತಿದ್ದರೆ, ದೊಡ್ಡದಾಗುತ್ತಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ.

ಮಾಡಿ ನೋಡಿ (ಶಿಕ್ಷಕರೇ ಮಾಡಿ ತೋರಿಸಬೇಕು)

ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ಒಣಗಿಸಿ. ಅದರ ಮೇಲೆ ಸುಣ್ಣದ ತಿಳಿನೀರಿನ ಒಂದು ಹನಿ ಹಾಕಿ. ಹಳದಿ ಕಾಗದ ಕೆಂಪಾಯಿತಲ್ಲವೇ? ಸುಣ್ಣ ಪ್ರತ್ಯಾಮ್ಲ ಎಂಬುದಕ್ಕೆ ಇದೇ ಗುರುತು. ಸೋಪಿನ ನೀರೂ ಹೀಗೆಯೇ ಬಣ್ಣ ಬದಲಿಸುತ್ತದೆ. ಸೋಪು ಕಣ್ಣಿಗೆ ಹೋದಾಗ ಉರಿಯುವುದು ನಿಮಗೆ ಗೊತ್ತು. ಸುಣ್ಣ ಸೋಪಿಗಿಂತ ಬಹಳ ತೀಕ್ಷ್ಣ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಅದು ಸುಟ್ಟು, ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಕಾರ್ನಿಯಾ ಬೆಳ್ಳಗಾದರೆ ದೃಷ್ಟಿಯೇ ಹೋಗಬಹುದು. ಬೆವರು ಬಂದರೆ, ಕೈಯಿಂದ ಒರೆಸಿಕೊಂಡರೆ, ರೆಪ್ಪೆಯ ಮೇಲಿನ ಸುಣ್ಣ ಕಣ್ಣೊಳಗೆ ಇಳಿಯಲು ಎಷ್ಟು ಹೊತ್ತು ಬೇಕು?

ನೆನಪಿಡಿ: ಸುಣ್ಣ ಕಣ್ಣಿಗೆ ಬಿದ್ದರೆ

ಉಜ್ಜಬೇಡಿ. ಎಣ್ಣೆ, ತುಪ್ಪ, ಹಾಲು ಹಾಕಬೇಡಿ. ಆ ಕ್ಷಣವೇ ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಧಾರೆಯಾಗಿ ಬಿಡಿ. ಕಡಿಮೆಯೆಂದರೆ 20 ನಿಮಿಷ ತೊಳೆಯಿರಿ. ಆಮೇಲೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ನೀರು, ಆಮೇಲೆ ಗಾಡಿ.

ಅರಿಶಿನದ ಕಾಗದ ಕೆಂಪಾದದ್ದನ್ನು ಕಂಡು ಆ ಹುಡುಗಿ, “ಸರ್, ಈ ಕಾಗದ ನಮ್ಮ ಆಯಿಗೆ ತೋರಸ್ಲೇನ್ರೀ?” ಎಂದು ಕೇಳಿದಳು. ಒಣಗಿದ ಮೇಲೆ ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಜಾಲಿಮುಳ್ಳಿನ ಹುಡುಗ ತನ್ನ ಪಾಟಿಚೀಲ ಎತ್ತಿಕೊಂಡು ಬಂದು ಅವಳ ಸಾಲಿನಲ್ಲಿ ಕುಳಿತ. ಭೂತಗನ್ನಡಿಯ ಪಾಠ ಮತ್ತೆ ಮುಂದುವರಿಯಿತು.

ಉತ್ತರಿಸಿ

1. ಮಿಲಿಯಾ ಏಕೆ ಅಂಟುವುದಿಲ್ಲ?
2. ಉಗುರು, ಗೊರಸು, ಮಿಲಿಯಮ್ ಈ ಮೂರರಲ್ಲೂ ಇರುವ ಪ್ರೋಟೀನು ಯಾವುದು?
3. ಮಿಲಿಯಮ್ ಮತ್ತು ಮೊಲಸ್ಕಮ್ ಗುಳ್ಳೆಗಳನ್ನು ಹೇಗೆ ಗುರುತಿಸುವಿರಿ?
4. ನಿಮ್ಮ ಮನೆಯಲ್ಲಿ ಸುಣ್ಣವನ್ನು ಎಲ್ಲಿ ಇಡುತ್ತಾರೆ? ಚಿಕ್ಕ ಮಕ್ಕಳ ಕೈಗೆ ಅದು ಎಟುಕುತ್ತದೆಯೇ? ಇಂದೇ ಹೋಗಿ ನೋಡಿ, ಎಟುಕುವಂತಿದ್ದರೆ ಜಾಗ ಬದಲಿಸಲು ಮನೆಯವರಿಗೆ ಹೇಳಿ.