ಬೆಚ್ಚನೆಯ ಶೂ: ಶಾಖ ಎಲ್ಲಿಂದ ಬರುತ್ತದೆ?



ಲಡಾಖ್‌ನ ಝನ್‌ಸ್ಕಾರ್ ನದಿ ಜನವರಿ, ಫೆಬ್ರವರಿ ತಿಂಗಳಲ್ಲಿ ಹೆಪ್ಪುಗಟ್ಟುತ್ತದೆ. ರಾತ್ರಿಯ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ ಇಳಿಯುವುದೂ ಉಂಟು. ಹಿಮ ಬಿದ್ದು ಬೆಟ್ಟದ ದಾರಿಗಳು ಮುಚ್ಚಿದಾಗ ಅಲ್ಲಿನ ಜನ ತಲೆಮಾರುಗಳ ಕಾಲ ಈ ಮಂಜುಗಡ್ಡೆಯ ಮೇಲೆಯೇ ನಡೆದು ಹೋಗಿ ಬರುತ್ತಿದ್ದರು. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇರುತ್ತಿದ್ದರು. ಈ ದಾರಿಗೆ ‘ಚಾದರ್’ ಎಂದು ಹೆಸರು.

ಅಂಥ ಕಡೆ ನಡೆಯಲು ನೀವು ಎಂಥ ಶೂ ಆರಿಸುವಿರಿ? ‘ಹೆಚ್ಚು ಶಾಖ ಕೊಡುವ ಶೂ’ ಎನ್ನುವಿರಾ? ಶೂ ಶಾಖ ಕೊಡುವುದಿಲ್ಲ! ಶಾಖ ಕೊಡುವುದು ನಿಮ್ಮ ದೇಹ. ಅದು ಹೊರಗೆ ಹೋಗದಂತೆ ತಡೆಯುವುದಷ್ಟೇ ಶೂವಿನ ಕೆಲಸ.

ಕಾಲ್ಬೆರಳಿಗೇ ಏಕೆ ಅಪಾಯ?

ನಮ್ಮ ದೇಹದ ಒಳಭಾಗದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚಳಿ ಹೆಚ್ಚಾದಾಗ ಹೃದಯ, ಮಿದುಳುಗಳನ್ನು ಬೆಚ್ಚಗಿಡಲು ದೇಹವು ಕೈಕಾಲು ಬೆರಳುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ರಕ್ತದ ಜೊತೆ ಶಾಖವೂ ಕಡಿಮೆಯಾಗುತ್ತದೆ. ಚಳಿ ವಿಪರೀತವಾದರೆ ಬೆರಳಿನ ಚರ್ಮ, ಮಾಂಸ ಹೆಪ್ಪುಗಟ್ಟುತ್ತವೆ. ಇದೇ ಹಿಮಕಡಿತ. ಹಿಮಕಡಿತ ತೀವ್ರವಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು.

ಗಾಳಿಯೇ ಹೊದಿಕೆ

ಚುಮುಚುಮು ಚಳಿಯ ಮುಂಜಾನೆ ಒಂದು ಪಾದವನ್ನು ಕಲ್ಲಿನ ನೆಲದ ಮೇಲೂ ಇನ್ನೊಂದನ್ನು ಗೋಣಿಚೀಲದ ಮೇಲೂ ಇಡಿ. ಕಲ್ಲು ಹೆಚ್ಚು ತಣ್ಣಗೆ ಅನಿಸುತ್ತದೆ ಅಲ್ಲವೇ? ವಾಸ್ತವವಾಗಿ ಎರಡರ ಉಷ್ಣತೆಯೂ ಹೆಚ್ಚು ಕಡಿಮೆ ಒಂದೇ. ಕಲ್ಲು ಪಾದದ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಗೋಣಿಯ ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ.

ಉಣ್ಣೆಯ ಗುಟ್ಟೂ ಇದೇ. ಲಡಾಖ್‌ನ ಸಾಂಪ್ರದಾಯಿಕ ಪಾದರಕ್ಷೆ ‘ಪಾಬು’ವಿನ ಮೇಲ್ಭಾಗ ದಪ್ಪ ಉಣ್ಣೆಯದು. ಉತ್ತರ ಯೂರೋಪಿನ ಸಾಮಿ ಜನರು ಶೂ ಒಳಗೆ ಒಣಹುಲ್ಲನ್ನು ತುಂಬುತ್ತಿದ್ದರು. ಅದು ಗಾಳಿಯನ್ನು ಹಿಡಿದಿಡುವುದರ ಜೊತೆಗೆ ಬೆವರನ್ನೂ ಹೀರುತ್ತಿತ್ತು.

ಆದರೆ ಕಾಲುಚೀಲ ಒದ್ದೆಯಾದರೆ? ಗಾಳಿಯ ಜಾಗವನ್ನು ನೀರು ತುಂಬುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆವಿಯಾಗುವಾಗಲೂ ನೀರು ಶಾಖವನ್ನು ಒಯ್ಯುತ್ತದೆ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದೇ ಅಳತೆಯ 3 ಸ್ಟೀಲ್ ಲೋಟ, ರಟ್ಟಿನ ಮುಚ್ಚಳ, ಉಣ್ಣೆ ಬಟ್ಟೆಯ 2 ಸಮಾನ ತುಂಡು, ಬಿಸಿನೀರು, ಪ್ರಯೋಗಾಲಯದ ಉಷ್ಣಮಾಪಕ (ಜ್ವರ ನೋಡುವುದು ಬೇಡ).

ವಿಧಾನ: ಒಂದು ಲೋಟಕ್ಕೆ ಒಣ ಉಣ್ಣೆ ಸುತ್ತಿ. ಇನ್ನೊಂದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆ ಸುತ್ತಿ. ಮೂರನೆಯದು ಹಾಗೇ ಇರಲಿ. ಶಿಕ್ಷಕರಿಂದ ಸಮ ಪ್ರಮಾಣದ ಬಿಸಿನೀರು ಹಾಕಿಸಿ, ಮುಚ್ಚಿ. 5 ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. ಯಾವುದು ನಿಧಾನವಾಗಿ ತಣಿಯಿತು? ಒದ್ದೆ ಉಣ್ಣೆಯಿಂದ ಪ್ರಯೋಜನವಾಯಿತೇ?

ಈಗ ಶೂ ಆರಿಸೋಣ

1. ದಪ್ಪ ಕಾಲುಚೀಲ ಹಾಕಿಕೊಂಡೇ ಶೂ ತೊಟ್ಟು ನೋಡಿ. ಬೆರಳುಗಳು ಸಲೀಸಾಗಿ ಆಡಬೇಕು. ಬಿಗಿಯಾದ ಶೂ ಗಾಳಿಯನ್ನು ಹಿಂಡಿ ತೆಗೆಯುತ್ತದೆ, ರಕ್ತಸಂಚಾರಕ್ಕೂ ಅಡ್ಡಿ.
2. ಅಟ್ಟೆ ದಪ್ಪಗಿರಲಿ. ಜಾರದಂತೆ ಆಳವಾದ ಗೆರೆಗಳಿರಲಿ.
3. ಹೊರಗಿನ ನೀರು ಒಳಗೆ ಬರಬಾರದು. ರಬ್ಬರಿನ ಗಂಬೂಟು ನೀರನ್ನು ಪೂರ್ತಿ ತಡೆಯುತ್ತದೆ. ಆದರೆ ಬೆವರನ್ನೂ ಹೊರಬಿಡುವುದಿಲ್ಲ. ಆದ್ದರಿಂದ ಬದಲಿ ಕಾಲುಚೀಲ ಬೇಕೇ ಬೇಕು.
4. ಒಳಗಿನ ಮೆತ್ತೆಯನ್ನು ತೆಗೆದು ಒಣಗಿಸುವಂತಿದ್ದರೆ ಒಳ್ಳೆಯದು.

ಹೀಗೆ ಆರಿಸಿದ ಒಂದೇ ಜೊತೆ ಹಿಮಕ್ಕೂ ಕೆಸರಿಗೂ ಕಲ್ಲಿನ ದಾರಿಗೂ ಆಗುತ್ತದೆ. ನಡೆಯುವಾಗ ಬೆರಳು ಮರಗಟ್ಟಿದರೆ ಸುಮ್ಮನಿರಬೇಡಿ, ಕೂಡಲೇ ಹಿರಿಯರಿಗೆ ತಿಳಿಸಿ. ಹಿಮದಿಂದ ಉಜ್ಜಲೇಬಾರದು.

ಯೋಚಿಸಿ: ಚಳಿಯಲ್ಲಿ ಹಕ್ಕಿಗಳು ಗರಿ ಉಬ್ಬಿಸಿ ಕುಳಿತಿರುತ್ತವೆ. ಏಕೆ?