ಬೈಟ್ ಎಲ್ಲಿ ನಿಂತಿತು? ಹ್ಯಾಮ್ ರೇಡಿಯೋ, ಸೀರಿಯಲ್ ಪೋರ್ಟ್ ಮತ್ತು ಎಂಟು ಪಾಠಗಳು

ಕಂಪ್ಯೂಟರಿಗೆ ರೇಡಿಯೋ ಜೋಡಿಸುವುದು ಒಂದು ಕಾಲಕ್ಕೆ ಕೆಲವೇ ಹ್ಯಾಮ್‌ಗಳ ಹುಚ್ಚಾಗಿತ್ತು. 2017ರಲ್ಲಿ ಕಂಪ್ಯೂಟರ್ ಮೂಲಕ ಸಂದೇಶ ಕಳಿಸುವ ಎಫ್‌ಟಿ8 ವಿಧಾನ ಬಂದ ಮೇಲೆ ಹೊಸಬರೂ ಮೊದಲ ವಾರದಲ್ಲೇ ಕ್ಯಾಟ್ ಕೇಬಲ್, ಅಂದರೆ ಕಂಪ್ಯೂಟರಿನಿಂದ ರೇಡಿಯೋ ನಿಯಂತ್ರಿಸುವ ಕೇಬಲ್, ಹುಡುಕುತ್ತಾರೆ. ಅದು ಕೈಕೊಟ್ಟರೆ ಪರದೆ ಹೇಳುವುದು ಒಂದೇ ಮಾತು: ರೇಡಿಯೋ ಉತ್ತರಿಸುತ್ತಿಲ್ಲ. ಕಾರಣಗಳು ಮಾತ್ರ ಹತ್ತಾರು. ಎಲ್ಲ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ತಿರುಚಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ. ಕಂಪ್ಯೂಟರಿನಿಂದ ಹೊರಟ ಬೈಟ್ ಎಲ್ಲಿಯವರೆಗೆ ತಲುಪಿತು ಎಂದು ಹಂತಹಂತವಾಗಿ ಕೇಳುತ್ತಾ ಹೋಗುವುದೇ ನನ್ನ ದಾರಿ.

1. ಮೊದಲು ಕಂಪ್ಯೂಟರಿಗೆ ಕೇಬಲ್ ಕಾಣುತ್ತಿದೆಯೇ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಕೇಬಲ್ ಕಿತ್ತು ಮತ್ತೆ ಚುಚ್ಚಿ. ಆಗ ಹೊಸದಾಗಿ ಮೂಡುವ ಕಾಮ್ ಪೋರ್ಟೇ ನಿಮ್ಮದು. ಯುಎಸ್‌ಬಿ ತೂತು ಬದಲಿಸಿದರೆ ಆ ಸಂಖ್ಯೆಯೂ ಬದಲಾಗಬಹುದು. ಲಿನಕ್ಸ್‌ನಲ್ಲಿ ಪೋರ್ಟ್ ಕಂಡರೂ ತೆರೆಯದಿದ್ದರೆ ನೀವು ‘ಡಯಲ್‌ಔಟ್’ ಗುಂಪಿನಲ್ಲಿ ಇದ್ದೀರಾ ನೋಡಿ. ಉಬುಂಟು 22.04ರಲ್ಲಿ ಸಿಎಚ್340 ಚಿಪ್ಪಿನ ಪೋರ್ಟ್ ಮೂಡಿ ತಕ್ಷಣ ಮಾಯವಾದರೆ, ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದನ್ನು ಕಸಿದುಕೊಂಡಿರುವ ಸಾಧ್ಯತೆ ಹೆಚ್ಚು.

2. ರೇಡಿಯೋ ಬಿಟ್ಟು ಕೇಬಲನ್ನಷ್ಟೇ ಪರೀಕ್ಷಿಸಿ. ಯುಎಸ್‌ಬಿಯಿಂದ ಡಿಬಿ-9ಕ್ಕೆ ಹೋಗುವ ಅಡಾಪ್ಟರಾದರೆ 2 ಮತ್ತು 3ನೇ ಪಿನ್‌ಗಳನ್ನು ತುಂಡು ತಂತಿಯಿಂದ ಜೋಡಿಸಿ, ಟರ್ಮಿನಲ್ ಪ್ರೋಗ್ರಾಂನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಪರದೆಗೆ ಮರಳಿದರೆ ಡ್ರೈವರ್, ಪೋರ್ಟ್, ಅಡಾಪ್ಟರ್ ಮೂರೂ ನಿರ್ದೋಷಿಗಳು. ತಂತಿ ತೆಗೆದಾಗ ಅಕ್ಷರ ಮರಳಬಾರದು. ಆಗಲೂ ಮರಳಿದರೆ ಟರ್ಮಿನಲ್ಲಿನ ಲೋಕಲ್ ಎಕೋ ಆನ್ ಆಗಿದೆ ಎಂದರ್ಥ.

3. ಪ್ಲಗ್ ಕೂತ ಮಾತ್ರಕ್ಕೆ ವೋಲ್ಟೇಜ್ ಹೊಂದುವುದಿಲ್ಲ. ಕೆನ್‌ವುಡ್ ಟಿಎಸ್-2000ರ ಹಿಂದಿರುವುದು ನಿಜವಾದ ಆರ್‌ಎಸ್-232. ಅಲ್ಲಿ ‘1’ ಎಂದರೆ ಋಣ ವೋಲ್ಟೇಜು. ಯೇಸು ಎಫ್‌ಟಿ-857ಡಿ ಮತ್ತು ಐಕಾಮ್‌ನ ಸಿಐ-ವಿ ಎಂಬ ನಿಯಂತ್ರಣ ಜ್ಯಾಕ್ ಬಯಸುವುದು 5 ವೋಲ್ಟಿನ ಟಿಟಿಎಲ್. ಅಲ್ಲಿ ‘1’ ಧನ. ಎರಡನ್ನೂ ನೇರ ಜೋಡಿಸಿದರೆ ಸಂಕೇತ ತಿರುವುಮುರುವಾಗುವುದಷ್ಟೇ ಅಲ್ಲ, ರೇಡಿಯೋ ಸುಡಲೂಬಹುದು. ನಡುವೆ ಮ್ಯಾಕ್ಸ್232ನಂಥ ಚಿಪ್ ಇರಲೇಬೇಕು. ಅನುಮಾನವಿದ್ದರೆ ಪೋರ್ಟ್ ಸುಮ್ಮನಿರುವಾಗ ಕೇಬಲಿನ ಟ್ರಾನ್ಸ್‌ಮಿಟ್ ತಂತಿಗೆ ಮಲ್ಟಿಮೀಟರ್ ಹಿಡಿಯಿರಿ. ಋಣ ತೋರಿಸಿದರೆ ಅದು ಆರ್‌ಎಸ್-232.

4. ವೇಗ ಎರಡೂ ಕಡೆ ಒಂದೇ ಇರಲಿ, ಸ್ಟಾಪ್ ಬಿಟ್ ಮರೆಯಬೇಡಿ. ಎಫ್‌ಟಿ-857ಡಿ ಕಾರ್ಖಾನೆಯಿಂದ ಬರುವುದು 4800 ಬಾಡ್‌ನಲ್ಲಿ, ಸ್ಟಾಪ್ ಬಿಟ್ ಎರಡು. ಐಕಾಮ್ ಐಸಿ-7300ರಲ್ಲಿ ಯುಎಸ್‌ಬಿ ಮೂಲಕ 115200 ಬೇಕಿದ್ದರೆ ಮೆನುವಿನಲ್ಲಿ ಯುಎಸ್‌ಬಿ ಪೋರ್ಟನ್ನು ರಿಮೋಟ್ ಜ್ಯಾಕಿನಿಂದ ‘ಅನ್‌ಲಿಂಕ್’ ಮಾಡಬೇಕು. ಯೇಸು ಎಫ್‌ಟಿ-991ಎ ಒಂದೇ ಕೇಬಲಿನಲ್ಲಿ ಎರಡು ಪೋರ್ಟ್ ತೋರಿಸುತ್ತದೆ. ಕ್ಯಾಟ್‌ಗೆ ಬೇಕಾದದ್ದು ‘ಎನ್‌ಹ್ಯಾನ್ಸ್ಡ್’ ಎಂಬ ಹೆಸರಿನದು.

5. ಪ್ರತಿಧ್ವನಿಯನ್ನು ಉತ್ತರವೆಂದು ನಂಬಬೇಡಿ. ಸಿಐ-ವಿ ಜ್ಯಾಕಿನಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ತಂತಿ. ಹಾಗಾಗಿ ಕಂಪ್ಯೂಟರ್ ಕಳಿಸಿದ್ದು ಅದಕ್ಕೇ ಮರಳಿ ಕೇಳಿಸುತ್ತದೆ. ಇದೂ ಒಂದು ಸುಳಿವೇ. ಪ್ರತಿಧ್ವನಿ ಬಂದು ಉತ್ತರ ಬಾರದಿದ್ದರೆ ಇಂಟರ್‌ಫೇಸ್ ಸರಿಯಿದೆ, ತೊಡಕು ಅದರಾಚೆಗಿದೆ: ಬಾಡ್ ದರ, ವಿಳಾಸ, ಇಲ್ಲವೇ ರೇಡಿಯೋ ಕಡೆಯ ಪ್ಲಗ್. ಐಕಾಮ್‌ನಲ್ಲಿ ಪ್ರತಿ ಮಾದರಿಗೂ ಹೆಕ್ಸ್ ವಿಳಾಸವಿದೆ. ಐಸಿ-706ಎಂಕೆ2ಜಿಗೆ 58, ಐಸಿ-7300ಕ್ಕೆ 94. ಪ್ರೋಗ್ರಾಂನಲ್ಲಿ ತಪ್ಪು ಮಾದರಿ ಆರಿಸಿದರೆ ರೇಡಿಯೋ ತನ್ನನ್ನಲ್ಲ ಕರೆದದ್ದು ಎಂದು ಸುಮ್ಮನಿರುತ್ತದೆ. ಟಿಎಸ್-2000 ಇರುವವರ ಪಾಡು ಸಲೀಸು. ಟರ್ಮಿನಲ್ಲಿನಲ್ಲಿ ‘ಐಡಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಸೆಮಿಕೋಲನ್ ಹಾಕಿದರೆ, 019 ಎಂದು ಅದು ತನ್ನ ಗುರುತು ಹೇಳುತ್ತದೆ.

6. ಡಿಟಿಆರ್, ಆರ್‌ಟಿಎಸ್ ತಂತಿಗಳ ಮೇಲೆ ಕಣ್ಣಿಡಿ. ಹಲವು ಇಂಟರ್‌ಫೇಸ್‌ಗಳಲ್ಲಿ ಪಿಟಿಟಿ, ಅಂದರೆ ಪ್ರಸಾರದ ಗುಂಡಿ, ಒತ್ತುವುದು ಇವೇ. ಪ್ರೋಗ್ರಾಂ ಪೋರ್ಟ್ ತೆರೆಯುವಾಗ ಇವು ತಾವಾಗಿ ಮೇಲೇಳಬಹುದು, ಆಗ ಕೇಳದೆಯೇ ರೇಡಿಯೋ ಪ್ರಸಾರಕ್ಕೆ ಹೋಗುತ್ತದೆ. ಅದಕ್ಕೇ ಮೊದಲ ಪರೀಕ್ಷೆ ಆಂಟೆನಾ ಬದಲು ಜೋಡಿಸುವ ಡಮ್ಮಿ ಲೋಡ್ ಮೇಲಾಗಲಿ, ಪವರ್ ಕಡಿಮೆಯಿರಲಿ. ಹೈದರಾಬಾದಿನ ಅಶ್‌ಹರ್ ಫರ್ಹಾನ್ ರೂಪಿಸಿದ, ನಮ್ಮಲ್ಲಿ ಅನೇಕರ ಮೇಜಿನ ಮೇಲಿರುವ ಯುಬಿಟೆಕ್ಸ್ ರೇಡಿಯೋದ್ದು ಬೇರೆ ಕಥೆ. ಅದರೊಳಗಿನ ಆರ್ಡುಯಿನೋ ನ್ಯಾನೋ ಡಿಟಿಆರ್ ತಾಗಿದಾಗ ರೀಸೆಟ್ ಆಗುತ್ತದೆ, ಮೊದಲ ಒಂದೆರಡು ಆದೇಶ ಕಳೆದುಹೋಗುತ್ತವೆ. ಸ್ವಲ್ಪ ತಡೆದು ಮತ್ತೆ ಕೇಳಿದರೆ ಉತ್ತರಿಸುತ್ತದೆ.

7. ಒಂದು ಪೋರ್ಟಿಗೆ ಒಂದೇ ಪ್ರೋಗ್ರಾಂ. ಲಾಗ್ ಬರೆಯುವ ಪ್ರೋಗ್ರಾಂ ಮೊದಲೇ ಪೋರ್ಟ್ ಹಿಡಿದಿದ್ದರೆ ಎಫ್‌ಟಿ8 ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಪ್ರೋಗ್ರಾಂಗೆ ಅದು ಸಿಗುವುದಿಲ್ಲ. ಎರಡೂ ಬೇಕಿದ್ದರೆ ವಿಂಡೋಸ್‌ನಲ್ಲಿ ಆಮ್ನಿರಿಗ್, ಲಿನಕ್ಸ್‌ನಲ್ಲಿ ಹ್ಯಾಮ್‌ಲಿಬ್‌ನ ರಿಗ್‌ಸಿಟಿಎಲ್‌ಡಿ ನಡುವೆ ಕೂರಲಿ. ಪೋರ್ಟ್ ಅದರ ಕೈಯಲ್ಲಿರುತ್ತದೆ, ಉಳಿದವರು ಅದನ್ನು ಕೇಳುತ್ತಾರೆ.

8. ಕೇಳುವಾಗ ಸರಿ, ಪ್ರಸಾರಕ್ಕೆ ಹೋದಾಗ ಕಡಿದುಹೋಗುತ್ತದೆ ಎಂದರೆ ಸೆಟ್ಟಿಂಗ್ ಮುಟ್ಟಬೇಡಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ‘ಟೆಸ್ಟ್ ಕ್ಯಾಟ್’ ಗುಂಡಿ ಹಸಿರಾದರೆ ರೇಡಿಯೋ ಜೊತೆ ಮಾತು ನಡೆಯುತ್ತಿದೆ ಎಂದಷ್ಟೇ ತಿಳಿಯುತ್ತದೆ. ಪೂರ್ಣ ಪವರ್‌ನಲ್ಲಿ ಅದು ಉಳಿಯುತ್ತದೆಂಬ ಭರವಸೆ ಇಲ್ಲ. ಪವರ್ 5 ವ್ಯಾಟ್‌ಗೆ ಇಳಿಸಿ ನೋಡಿ, ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ ನೋಡಿ. ಎರಡರಲ್ಲೂ ತೊಂದರೆ ಮಾಯವಾದರೆ ಕಳ್ಳ ಸಿಕ್ಕ: ಆಂಟೆನಾದ ಆರ್‌ಎಫ್ ಕೋಆಕ್ಸ್‌ನ ಹೊರಮೈ ಹಿಡಿದು ಯುಎಸ್‌ಬಿ ಕೇಬಲಿಗೆ ನುಗ್ಗುತ್ತಿದೆ. ಕೇಬಲ್ ಗಿಡ್ಡವಾಗಿರಲಿ, ಎರಡೂ ತುದಿಗೆ 31ನೇ ಮಿಶ್ರಣದ ಫೆರೈಟ್ ಇರಲಿ, ಅದರೊಳಗೆ ಕೇಬಲನ್ನು ಕೆಲವು ಸುತ್ತು ಹಾಯಿಸಿ. ಫೀಡ್‌ಲೈನಿಗೂ ಒಂದು ಚೋಕ್ ಹಾಕಿ. ಆಮೇಲೂ ಕಡಿದರೆ ಮಾತ್ರ ಒಂದನೇ ಪಾಠಕ್ಕೆ ಮರಳಿ, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ.